ಕ್ಯಾಮೆರಾ ಹಿಡಿದು ಧೂಪದಾಳಕ್ಕೆ ಬನ್ನಿ

ಬೆಳಗಾವಿ, ಹುಬ್ಬಳ್ಳಿಯ ಗೆಳೆಯರು ದೊಡ್ಡ ಲೆನ್ಸ್ ಕೊಂಡ ಕೂಡಲೇ ಕಬಿನಿ ಕಾಡಿನ ಪ್ರವಾಸದ ಲೆಕ್ಕ ಹಾಕತೊಡಗುತ್ತಾರೆ. ಬೆಳಗಾವಿ ಜಿಲ್ಲೆಯ ಕುಲಗೋಡ ಸೀಮೆಯವನಾಗಿ ನಾನು ಹೇಳುವುದಿಷ್ಟು: ಮೊದಲು ನಮ್ಮದೇ ಜಿಲ್ಲೆಯ ಧೂಪದಾಳಕ್ಕೆ ಬನ್ನಿ. ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿನ್ನೀರಿನಲ್ಲಿ 29.78 ಚದರ ಕಿ.ಮೀ. ವಿಸ್ತಾರದ ಪಕ್ಷಿಧಾಮವಿದೆ. 1974ರಲ್ಲಿ ಘೋಷಣೆಯಾದದ್ದು. ಘಟಪ್ರಭಾ ರೈಲು ನಿಲ್ದಾಣವೂ ಹತ್ತಿರ.

ಚಳಿಗಾಲದಲ್ಲಿ ಇಲ್ಲಿಗೆ ಬರುವ ಡೆಮಾಯ್ಸೆಲ್ ಕ್ರೇನ್‌ಗಳನ್ನು ನೋಡಬೇಕು! ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಇಳಿಬಿದ್ದ ಬಿಳಿ ಗರಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಇಷ್ಟು ದೂರ ಹಾರಿ ಬರುವ ಹಕ್ಕಿಗಳಿವು. ರಾತ್ರಿ ನೀರಿನ ಅಂಚಿನಲ್ಲಿ ತಂಗಿ, ಹಗಲು ಹೊಲಗಳಲ್ಲಿ ಕಾಳು ಹೆಕ್ಕುತ್ತವೆ. ಹಾಗಾಗಿ ನಸುಕಿನಲ್ಲೇ ಬಂದು, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಒಂದೇ ಕಡೆ ಕೂಡಬೇಕು. ಹಾರುವ ಫೋಟೊ ಸಿಗಲೆಂದು ಕಲ್ಲು ಎಸೆದು ಹಿಂಡನ್ನೇ ಎಬ್ಬಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ನಾಲ್ಕು ಕಾಳು ತಿನ್ನಲು ಬಿಡಬಾರದೇ?

ಬಿತ್ತಿದ ಹೊಲದೊಳಗೆ ಕಾಲಿಡುವ ಮುನ್ನ ರೈತರನ್ನು ಕೇಳಿ. "ಅಣ್ಣಾರ, ಬದುವಿನ ಮ್ಯಾಲ ಕುಂದರ್ಲ್ಯಾ?" ಅಂದರೆ ಬ್ಯಾಡ ಅನ್ನುವವರು ಕಡಿಮೆ.

ಪ್ರಾಣಿಗಳೇ ಬೇಕೆನ್ನುವವರಿಗೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ, ಪೂರ್ತಿ ಕುರುಚಲು ಕಾಡು. ಅಲ್ಲಿಗೆ ಹೋಗುವುದಾದರೆ ಮೊದಲೇ ಅರಣ್ಯ ಇಲಾಖೆಯನ್ನು ವಿಚಾರಿಸಿಕೊಳ್ಳಿ.