ಮಾವನ ಹೊಸ ಹಲ್ಲು

ಸಿರುಗುಪ್ಪದ ನಮ್ಮ ಸೋದರಮಾವನ ಬಾಯಲ್ಲಿ ಕೊನೆಗೆ ಉಳಿದಿದ್ದು ಅಲ್ಲಾಡುವ ನಾಲ್ಕೈದು ಹಲ್ಲು, ಒಂದಷ್ಟು ಮೊಂಡು ಬೇರು. ಅರ್ಧ ಹಲ್ಲು ಹೊಗೆಸೊಪ್ಪಿನ ಪಾಲು, ಇನ್ನರ್ಧ ಸಕ್ಕರೆ ಕಾಯಿಲೆಯ ಪಾಲು. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದ.

2014–15ರಲ್ಲಿ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತು. ಅರವತ್ತು ದಾಟಿದ ಬಿಪಿಎಲ್ ಕಾರ್ಡಿನವರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಅಂತ ಸುದ್ದಿ ಹಬ್ಬಿದ್ದೇ ತಡ, ಮಾವನನ್ನು ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಸಂಜೆಯೊಳಗೆ ಹೊಸ ಹಲ್ಲು ಹಾಕಿಕೊಂಡು ಮನೆಗೆ ಬರುವುದು ಅಂತಲೇ ಅವನ ಲೆಕ್ಕ.

ಸರ್ಕಾರಿ ದಂತ ಕಾಲೇಜಿನಲ್ಲಿ ಬೇರೆಯೇ ಲೆಕ್ಕ. ಮೊದಲು ಸಕ್ಕರೆ ಹತೋಟಿಗೆ ಬರಬೇಕು. ಆಮೇಲೆ ಬೇರು ಕೀಳುವುದು. ಗಾಯ ಮಾಯ್ದು ಒಸಡು ಗಟ್ಟಿಯಾಗದೆ ಅಳತೆಯೇ ಇಲ್ಲ. ತಿಂಗಳುಗಟ್ಟಲೆ ಓಡಾಡಿದೆವು.

ಅಳತೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಒಸಡಿನ ಮೇಲೆ ಮೇಣದ ಕಟ್ಟೆ ಕೂಡಿಸಿ, ನಾಲಿಗೆ ತುದಿಯನ್ನು ಅಂಗುಳಿನ ಹಿಂದಕ್ಕೆ ಮುಟ್ಟಿಸಿ ಬಾಯಿ ಮುಚ್ಚಲು ಹೇಳಿದರು ಡಾಕ್ಟರಮ್ಮ. "ಯಾವೂರು ಅಜ್ಜಾ?" ಅಂತ ಕೇಳಿದರು. ಕೇಸ್ ಪೇಪರಿನಲ್ಲೇ ಬರೆದಿತ್ತು. 'ಸ'ಕಾರ ಹೇಗೆ ಹೊರಡುತ್ತದೆ ಅಂತ ನೋಡಲು ಕೇಳಿದ್ದು. ಸಿರುಗುಪ್ಪ ಶಿರುಗುಪ್ಪವಾಗಿ ಹೊರಬಿತ್ತು. ಮೇಣವನ್ನು ಒಂಚೂರು ಕೆರೆದು ಮತ್ತೆ ಹೇಳಿಸಿದರು. ಬಣ್ಣ ಆರಿಸುವಾಗ ಮಾವ ಹಾಲುಬಿಳುಪೇ ಬೇಕೆಂದು ಹಟ ಹಿಡಿದ. "ಈ ಮುಖಕ್ಕೆ ಅದು ಒಪ್ಪಲ್ಲ" ಅಂತ ಅವರು ನಸುಹಳದಿಯನ್ನೇ ಕೊಟ್ಟರು. ಒಳ್ಳೆಯದೇ ಆಯಿತು.

ಸೆಟ್ಟು ಬಂದ ವಾರದಲ್ಲೇ ಡಬ್ಬಿ ಸೇರಿತು. ಮೇಲಿನದು ಅಂಗುಳಿಗೆ ಕಚ್ಚಿಕೊಂಡು ಕೂರುತ್ತದೆ. ಕೆಳಗಿನದಕ್ಕೆ ಆ ಆಸರೆ ಇಲ್ಲ, ನಾಲಿಗೆ ಹೊರಳಿದರೆ ಏಳುತ್ತದೆ. ಒಸಡಿನ ಒಂದು ಕಡೆ ಹುಣ್ಣಾಗಿತ್ತು. ಒಂದು ದಿನ ನೋಡುತ್ತೇನೆ, ಮಾವ ಅಂಗಳದಲ್ಲಿ ಕೂತು ಅರ ಹಿಡಿದು ಸೆಟ್ಟನ್ನು ತಾನೇ ಉಜ್ಜಲು ಹೊರಟಿದ್ದಾನೆ! ಕಿತ್ತುಕೊಂಡು ಮತ್ತೆ ಬಳ್ಳಾರಿಗೆ ಎಳೆದೊಯ್ದೆ. ಒತ್ತುವ ಜಾಗಕ್ಕೆ ಗುರುತು ಹಾಕಿ ಸವೆಸಿ ಕೊಟ್ಟರು. ಮುಂದಿನ ಹಲ್ಲಲ್ಲಿ ಕಚ್ಚಬೇಡ, ಸಣ್ಣ ತುಂಡು ಮಾಡಿ ಎರಡೂ ಕಡೆ ಅಗಿ ಅಂತ ಹೇಳಿಕೊಟ್ಟರು. ಮೊದಲ ದಿನವೇ ಹೇಳಿದ್ದರಂತೆ, ಇವನು ಕೇಳಿಸಿಕೊಂಡಿರಲಿಲ್ಲ.

ಮುಂದಿನ ವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋದಾಗ ಮಾವ ಮಂಡಕ್ಕಿ, ಮಿರ್ಚಿ ಎರಡನ್ನೂ ಮುಗಿಸಿದ. ಶೇಂಗಾ ಮಾತ್ರ ಆರಿಸಿ ನನ್ನ ಕಡೆ ತಳ್ಳಿದ. ಅದರ ಚೂರು ಸೆಟ್ಟಿನಡಿ ಸಿಕ್ಕರೆ ಜೀವ ಹೋಗುತ್ತದೆ.

ಯೋಜನೆಯ ವಯಸ್ಸನ್ನು ಆಮೇಲೆ 45ಕ್ಕೆ ಇಳಿಸಿದರು. ನಿಮ್ಮ ಮನೆಯಲ್ಲೂ ಡಬ್ಬಿ ಸೇರಿದ ಸೆಟ್ಟಿದ್ದರೆ, ಹಿರಿಯರನ್ನು ಬೈಯುವ ಮೊದಲು ಅದನ್ನು ಮಾಡಿಕೊಟ್ಟವರ ಹತ್ತಿರ ಇನ್ನೊಮ್ಮೆ ಕರೆದುಕೊಂಡು ಹೋಗಿ.