ಕುಂಟುವ ಮೀನಿನ ಬೆನ್ನು ಹತ್ತಿ

ಕೊಟ್ಟೂರೆಂದರೆ ತೇರು. ಮಾಘ ಬಹುಳ ಹತ್ತಿರವಾಯಿತೆಂದರೆ ಸಾಕು, ದಾವಣಗೆರೆ, ಹರಿಹರದ ಕಡೆಯಿಂದ ಪಾದಯಾತ್ರಿಗಳ ಸಾಲು ರಸ್ತೆಯುದ್ದಕ್ಕೂ ಹರಿದುಬರುತ್ತದೆ. 2017ರ ಫೆಬ್ರುವರಿಯಲ್ಲಿ ಗುರು ಕೊಟ್ಟೂರೇಶ್ವರನ ತೇರು ಸಾಗುತ್ತಿದ್ದಂತೆಯೇ ಮಗುಚಿ ಬಿದ್ದದ್ದನ್ನು ಊರಿನವರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಇಂಥ ಗುಡಿ-ಮಠಗಳ ಊರಿನಲ್ಲಿ ಮೀನಿನ ಪ್ರಸ್ತಾಪವೇ ಎಂದು ಹುಬ್ಬೇರಿಸಬೇಡಿ. ತೇರುಬೀದಿಯಲ್ಲಿ ಮಂಡಕ್ಕಿ-ಮಿರ್ಚಿ ಮುಗಿಸಿ ನಾಲ್ಕು ಹೆಜ್ಜೆ ಊರಾಚೆ ಹಾಕಿದರೆ ಕೆರೆ ಇದೆ. ಕೆರೆಯಲ್ಲಿ ನೀರಿದ್ದ ವರ್ಷ ಮೀನೂ ಇರುತ್ತದೆ.

'ನೀರಿದ್ದ ವರ್ಷ' ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಇವೆಲ್ಲ ಮಳೆಯನ್ನೇ ನೆಚ್ಚಿದ ಬಯಲುಸೀಮೆ. ಹಡಗಲಿಯವರಿಗೆ ಪಕ್ಕದಲ್ಲಿ ತುಂಗಭದ್ರೆಯಾದರೂ ಇದ್ದಾಳೆ. ಉಳಿದವರಿಗೆ ಕೆರೆಗಳೇ ಗತಿ. ಕೆರೆಗಳೋ, ಒಂದು ವರ್ಷ ಕೋಡಿ ಬಿದ್ದು ಬಾಗಿನ ಅರ್ಪಿಸಿಕೊಂಡರೆ ಮುಂದೆ ಎಷ್ಟೋ ವರ್ಷ ಬಿರುಕುಬಿಟ್ಟ ನೆಲವಾಗಿ, ಜಾಲಿ ಬೆಳೆದು, ಹುಡುಗರ ಕ್ರಿಕೆಟ್ ಮೈದಾನವಾಗಿ ಮಲಗುತ್ತವೆ. ಚಿಕ್ಕ ಹಗರಿಗೆ ಅಡ್ಡಲಾಗಿ ಕಟ್ಟಿದ ಮಾಲವಿ ಜಲಾಶಯವೇ ವರ್ಷಗಟ್ಟಲೆ ಬರಿದಾಗಿ ನಿಂತದ್ದುಂಟು. ಇಂಥ ಕಡೆ ಮೀನು ಹೇಗೆ ಬದುಕುತ್ತದೆ ಎಂಬುದೇ ಒಂದು ಸೋಜಿಗ. ಆ ಸೋಜಿಗಕ್ಕೆ ಆಮೇಲೆ ಬರೋಣ.

ಹೊಸಪೇಟೆಯಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ತರುಣನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದು ತೋರಿಸಿದ. ಒಳಗೆ ಬಣ್ಣಬಣ್ಣದ ಬೊಂಬೆ ಮೀನುಗಳು. ಒಂದೊಂದಕ್ಕೂ ಗಾಜಿನಂಥ ಕಣ್ಣು, ಹೊಟ್ಟೆಯಡಿ ಮುಕ್ಕೊಂಡಿ ಗಾಳ, ಗದ್ದದ ಕೆಳಗೆ ಸೌಟಿನಂತೆ ಮುಂಚಾಚಿದ ಪಾರದರ್ಶಕ ತುಟಿ. ಇವಕ್ಕೆ ಕ್ರ್ಯಾಂಕ್‌ಬೈಟ್ ಎಂದು ಹೆಸರಂತೆ. ಎರೆಹುಳವಿಲ್ಲ, ಹಿಟ್ಟಿನುಂಡೆಯಿಲ್ಲ. ಎಸೆದು, ರೀಲು ತಿರುಗಿಸಿ ಎಳೆದುಕೊಂಡರಾಯಿತು. 'ಇದು ನೆಟ್ಟಗೆ ಈಜಿದರೆ ಕೆಲಸಕ್ಕೆ ಬಾರದು ಸರ್, ಕುಂಟಬೇಕು' ಎಂದ. ಆ ಒಂದು ಮಾತಿಗಾಗಿಯೇ ನಾನು ಅವನ ಜೊತೆ ಕೆರೆಯವರೆಗೂ ಹೋದೆ.

ಕುಂಟುವ ಮೀನಿನ ಕಥೆ ದೂರದ ಫಿನ್ಲೆಂಡಿನದು. ಲೌರಿ ರಪಾಲ ಎಂಬ ಬಡ ಮೀನುಗಾರ ಸರೋವರದಲ್ಲಿ ದೋಣಿ ನಡೆಸುತ್ತ ಒಂದು ವಿಷಯ ಗಮನಿಸಿದ. ಬೇಟೆಗಾರ ಮೀನು ಸಣ್ಣ ಮೀನುಗಳ ಹಿಂಡಿಗೆ ನುಗ್ಗಿದಾಗ ಎಲ್ಲವನ್ನೂ ಬಿಟ್ಟು, ಓಲಾಡುತ್ತ ಈಜುವ ಒಂದೇ ಒಂದನ್ನು ಆರಿಸಿ ಹಿಡಿಯುತ್ತದೆ. 1936ರಲ್ಲಿ ಆತ ಬೆಂಡನ್ನು ಕೆತ್ತಿ, ಚಾಕೊಲೆಟ್ ಸುತ್ತಿದ ಬೇಗಡೆ ಕಾಗದ ಅಂಟಿಸಿ, ಕರಗಿಸಿದ ಫೋಟೊ ನೆಗೆಟಿವ್‌ನಿಂದ ಮೆರುಗು ಕೊಟ್ಟು, ಓಲಾಡುವ ಮೀನೊಂದನ್ನು ಮಾಡಿದ. ಇಂದು ಆತನ ಹೆಸರು ಹೊತ್ತ ಕೃತಕ ಮೀನುಗಳು ಲೋಕದ ಎಲ್ಲ ಕಡೆಗೂ ಹೋಗುತ್ತವೆ. ಆತ ಕಂಡದ್ದರಲ್ಲಿ ಗುಟ್ಟೇನೂ ಇಲ್ಲ. ಸಾವಿರ ಮೀನು ಒಂದೇ ಸಮನೆ ಹೊರಳಿದರೆ ಬೇಟೆಗಾರನ ಕಣ್ಣು ಕಂಗಾಲಾಗುತ್ತದೆ. ಲಯ ತಪ್ಪಿದ ಒಂದೇ ಒಂದು ಕಂಡರೆ ಕಣ್ಣು ಅಲ್ಲೇ ನೆಡುತ್ತದೆ. ಕುರಿಮಂದೆ ಹೊಕ್ಕ ತೋಳದ ವರಸೆಯೂ ಇದೇ ಎಂದು ಈ ಸೀಮೆಯ ಕುರಿಗಾಹಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೊಂಬೆ ಮೀನು ಕುಂಟುವುದು ಆ ತುಟಿಯಿಂದ. ಎಳೆದಾಗ ನೀರಿನ ಒತ್ತಡ ತುಟಿಯ ಮೇಲೆ ಬಿದ್ದು ತಲೆ ಕೆಳಗಿಳಿಯುತ್ತದೆ, ಹಗುರವಾದ ಮೈ ಮೇಲೇಳಲು ನೋಡುತ್ತದೆ. ಈ ಜಗ್ಗಾಟದಲ್ಲಿ ಬಾಲ ಅತ್ತಿತ್ತ ಬಡಿದುಕೊಳ್ಳುತ್ತದೆ. ತುಟಿ ಮೈಗೆ ನೇರವಾಗಿದ್ದರೆ ಆಳಕ್ಕೆ ಹೋಗುತ್ತದೆ, ನೆಟ್ಟಗೆ ಕೆಳಗೆ ಬಾಗಿದ್ದರೆ ಮೇಲ್ನೀರಿನಲ್ಲೇ ಹೊಯ್ದಾಡುತ್ತದೆ. ಆದರೆ ಕಸುಬುದಾರರು ಹುಡುಕುವುದು ಇದಕ್ಕಿಂತ ಒಂದು ಎಳೆ ಹೆಚ್ಚಿನದನ್ನು. ತೂಕ, ತುಟಿ, ತೇಲುವಿಕೆ ಮೂರೂ ಸಮತೋಲದ ಅಂಚಿಗೆ ಬಂದು ನಿಂತ ಮೀನು ಇದ್ದಕ್ಕಿದ್ದಂತೆ ಪಕ್ಕಕ್ಕೆ ಸಿಡಿದು, ಮಗುಚಿತೇನೋ ಅನ್ನುವಷ್ಟರಲ್ಲಿ ಸಾವರಿಸಿಕೊಂಡು ದಾರಿಗೆ ಮರಳುತ್ತದೆ. ಒಂದು ಕೂದಲೆಳೆ ಅತ್ತ ಹೋದರೆ ಮಗುಚಿಯೇ ಬಿಡುತ್ತದೆ, ಇತ್ತ ಬಂದರೆ ಶಿಸ್ತಿನ ಸಿಪಾಯಿಯಾಗುತ್ತದೆ. ಕೈಯಲ್ಲಿ ಕೆತ್ತಿದ ಮರದ ಮೀನುಗಳಲ್ಲಿ ಹತ್ತರಲ್ಲಿ ಒಂದಕ್ಕೆ ಈ ಹುಚ್ಚು ನಡೆ ಬಂದರೆ ಪುಣ್ಯ. ಅದು ಸಿಕ್ಕವರು ಯಾರಿಗೂ ಎರವಲು ಕೊಡುವುದಿಲ್ಲ.

ಅಮೆರಿಕದಲ್ಲಿ ಇದನ್ನು ಎಸೆಯುವುದು ವಾಲೈ ಮತ್ತು ಬಾಸ್ ಎಂಬ ಮೀನುಗಳಿಗೆ. ವಾಲೈ ಮುಸ್ಸಂಜೆಯ ಬೇಟೆಗಾರ. ಅದರ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪದರವಿದ್ದು, ಕಲಕಿದ ನೀರಿನಲ್ಲೂ ಇರುಳಿನಲ್ಲೂ ಬೇಟೆ ಕಾಣುತ್ತದೆ. ಬಾಸ್ ಹೊಂಚುಗಾರ, ಮುಳುಗಿದ ಬೊಡ್ಡೆಯ ಮರೆಯಲ್ಲಿ ನಿಂತು ನುಗ್ಗುತ್ತದೆ. ನಮ್ಮಲ್ಲಿ ಇವೆರಡೂ ಇಲ್ಲ, ಆದರೆ ಇವುಗಳ ಕಸುಬು ಮಾಡುವವು ಇವೆ. ಮುಸ್ಸಂಜೆಯ ಬೇಟೆಗೆ ತುಂಗಭದ್ರೆಯ ಬಾಳೆ ಮೀನು. ಹೊಂಚು ಹಾಕುವುದಕ್ಕೆ ಕೆರೆಯ ಕೊರಮೀನು.

ಕೊರಮೀನನ್ನು ಹಳೆ ಮೈಸೂರಿನ ಕಡೆ ಕುಚ್ಚು ಎನ್ನುತ್ತಾರೆ, ಇಂಗ್ಲಿಷಿನವರು ಮರಲ್ ಎಂದರು. ಮೃಗಶಿರಾ ಮಳೆಯ ದಿನ ಹೈದರಾಬಾದಿನಲ್ಲಿ ಆಸ್ತಮಾ ರೋಗಿಗಳ ಗಂಟಲಿಗೆ ಇಳಿಸುವ ಜೀವಂತ ಮರಿಮೀನು ಇದರದ್ದೇ. ಹಾವಿನಂಥ ತಲೆ, ಕೊರಡಿನಂಥ ಮೈ. ಕಿವಿರಿನ ಮೇಲ್ಭಾಗದಲ್ಲಿರುವ ಒಂದು ಕೋಣೆಯ ಸಹಾಯದಿಂದ ಇದು ಗಾಳಿಯನ್ನೇ ಉಸಿರಾಡುತ್ತದೆ. ಆಗಾಗ ಮೇಲೆ ಬಂದು ಗುಟುಕರಿಸಿ ಹೋಗದಿದ್ದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ಕೆರೆ ಬತ್ತುತ್ತಾ ಬಂದಾಗ ಕಾಟ್ಲಾ, ರೋಹು ಬೆಳ್ಳಗೆ ಹೊಟ್ಟೆ ತೋರಿಸಿ ತೇಲಿದರೆ ಕೊರಮೀನು ಕೆಸರಿಗಿಳಿದು ಮಳೆಗೆ ಕಾಯುತ್ತದೆ. ಮಳೆ ಬಿದ್ದರೆ ತೇವದ ನೆಲದ ಮೇಲೆ ತೆವಳಿ ಪಕ್ಕದ ಹೊಂಡ ಸೇರುತ್ತದೆ. ಆಗ ಹೇಳಿದ ಸೋಜಿಗ ಇದೇ. ಕೆರೆ ತುಂಬಿದ ವರ್ಷ ಕಾಟ್ಲಾ ಮರಿಗಳು ಆಮ್ಲಜನಕ ತುಂಬಿದ ಚೀಲದಲ್ಲಿ ವಾಹನವೇರಿ ಬರುತ್ತವೆ. ಕೊರಮೀನನ್ನು ಇಲ್ಲಿ ಯಾರೂ ಬಿಡುವುದಿಲ್ಲ, ತಾನೇ ಬರುತ್ತದೆ. ಕೆರೆ ಗುತ್ತಿಗೆ ಹಿಡಿದವರಿಗೆ ಮಾತ್ರ ಇದೊಂದು ಕಳೆ, ಮರಿಗಳನ್ನು ತಿಂದುಬಿಡುತ್ತದೆಂಬ ದೂರು. ಮಾರುಕಟ್ಟೆಯಲ್ಲಿ ಕಾಟ್ಲಾಕ್ಕಿಂತ ಹೆಚ್ಚು ಬೆಲೆ ಇದಕ್ಕೇ ಸಿಗುತ್ತದೆ ಎನ್ನುವಾಗ ಆ ದೂರು ಕೊಂಚ ತಣ್ಣಗಾಗುತ್ತದೆ.

ಕೆರೆಯಲ್ಲಿ ಗಾಳ ಹಾಕುವುದು ಈ ಸೀಮೆಗೆ ಹೊಸತಲ್ಲ. 1953ರವರೆಗೂ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತಷ್ಟೆ. ಆ ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಬರೆದ ಮೇಲೂ ತೃಪ್ತಿಯಾಗದೆ, 1887ರಲ್ಲಿ ಬರೀ ಕೆರೆಗಳಿಗಾಗಿಯೇ 'ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದು ಪುಸ್ತಕ ಬರೆದ. ಕೀರ್ತಿಯೆಲ್ಲ ಹೋದದ್ದು ಮಾತ್ರ ಕಾವೇರಿ, ಕಬಿನಿಯ ಮಹಶೀರ್ ಮೀನಿಗೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಮುಂದೆ ನಮ್ಮ ಕೆರೆಯ ಕೊರಮೀನನ್ನು ಕೇಳುವವರು ಯಾರು!

ಬೇಸಿಗೆಯ ಬೆಳಗು ಈ ಆಟಕ್ಕೆ ಹೇಳಿ ಮಾಡಿಸಿದ ಹೊತ್ತು. ನೀರು ಹಿಂದೆ ಸರಿದು, ಕಳೆ ಒಣಗಿ, ಕರಿಜಾಲಿಯ ಬೊಡ್ಡೆಗಳು ನೀರಿನಂಚಿನಲ್ಲಿ ತಲೆಯೆತ್ತಿರುತ್ತವೆ. ತರುಣ ಬೊಡ್ಡೆಯಾಚೆಗೆ ಎಸೆದು, ಬೊಂಬೆ ಬೇಕೆಂದೇ ಮರಕ್ಕೆ ತಾಕುವಂತೆ ಎಳೆದ. ತಾಕಿ, ಸಿಡಿದು, ಪಕ್ಕಕ್ಕೆ ಹೊರಳಿತು. ಅಲ್ಲಿ ಒಂದು ಕ್ಷಣ ಎಳೆತ ನಿಲ್ಲಿಸಬೇಕು. ಕೊರಮೀನು ನುಗ್ಗುವುದು ಆಗಲೇ. ಗಾಳ ಕಚ್ಚಿದ ಸದ್ದು ಕೆರೆಗೆ ಯಾರೋ ಹಲಗೆ ಎಸೆದಂತಿತ್ತು. ಅರ್ಧ ಬೆಳಗಿನಲ್ಲಿ ಸಿಕ್ಕದ್ದು ಎರಡು ಮೀನು, ಕಳೆದುಕೊಂಡದ್ದು ಮೂರು ಬೊಂಬೆ. ಲೆಕ್ಕ ಹಾಕಿದರೆ ಸಂತೆಯಲ್ಲಿ ಕೊಂಡದ್ದೇ ಅಗ್ಗ.

ಮಳೆಗಾಲದ ಮಾತು ಬೇರೆ. ಆಗ ಕಳೆ ದಟ್ಟವಾಗಿ ಮುಕ್ಕೊಂಡಿ ಗಾಳ ಆಡುವುದಿಲ್ಲವೆಂದು ಟೊಳ್ಳು ರಬ್ಬರಿನ ಕಪ್ಪೆ ಎಸೆಯುತ್ತಾರೆ. ಆದರೆ ನಾನು ಹೇಳಬೇಕಾದದ್ದು ಇನ್ನೊಂದು. ಕೊರಮೀನು ಗಂಡುಹೆಣ್ಣು ಸೇರಿ ಕಳೆಯ ನಡುವೆ ಗೂಡಿನಂತೆ ಜಾಗ ಮಾಡಿ ಮೊಟ್ಟೆಯಿಟ್ಟು, ಮರಿಗಳನ್ನು ವಾರಗಟ್ಟಲೆ ಕಾಯುತ್ತವೆ. ಕೆಂಪು ಮರಿಗಳು ಉಂಡೆಯಾಗಿ ಈಜುತ್ತ ಗಾಳಿಗಾಗಿ ಮೇಲೆ ಬಂದಾಗ ನೀರು ಎಸರು ಕುದಿದಂತೆ ಗುಳುಗುಳು ಎನ್ನುತ್ತದೆ. ಆ ಕುದಿತದ ಮೇಲೆ ಏನನ್ನೇ ಎಸೆಯಿರಿ, ಬೊಂಬೆ ಮೀನಾಗಲಿ ಕಪ್ಪೆಯಾಗಲಿ, ಅಡಿಯಲ್ಲಿರುವ ಮೀನು ಕಚ್ಚಿಯೇ ಕಚ್ಚುತ್ತದೆ. ಹಸಿವಿನಿಂದಲ್ಲ, ಕೋಪದಿಂದ. ಬಲ್ಲವರಿಗೆ ದೊಡ್ಡ ಮೀನು ಹಿಡಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕಾಯುವ ಮೀನು ಹೋದ ಮೇಲೆ ಆ ಮರಿಯುಂಡೆ ಉಳಿದ ಮೀನುಗಳಿಗೂ ಹಕ್ಕಿಗಳಿಗೂ ಊಟ.

ಏರಿಯ ಮೇಲೆ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. 'ಮರಿ ಮುಂದಿಟ್ಟುಕೊಂಡದ್ದನ್ನು ನಾವು ಮುಟ್ಟಂಗಿಲ್ಲ. ಮುಟ್ಟೋರು ಮುಟ್ತಾರ. ಕೆರಿ ಮುಂದಿನ ಸಲ ತುಂಬಿದಾಗ ಗೊತ್ತಾಗ್ತದ' ಎಂದು ಸೂಜಿಯಿಂದ ಕಣ್ಣೆತ್ತದೆಯೇ ಹೇಳಿದರು. ಇದರಲ್ಲಿ ಕರುಣೆಗಿಂತ ಲೆಕ್ಕಾಚಾರವೇ ಹೆಚ್ಚಿದೆ, ಆ ಲೆಕ್ಕ ಸರಿಯಾಗಿಯೂ ಇದೆ. ಹತ್ತು ವರ್ಷಕ್ಕೊಮ್ಮೆ ತುಂಬುವ ಕೆರೆಯಲ್ಲಿ ಒಂದು ಮಳೆಗಾಲದ ಮರಿಗಳೇ ಮುಂದಿನ ಬರಗಾಲ ದಾಟಬೇಕಾದ ಬೀಜ. ಕುಂಟುವ ಬೊಂಬೆಯಿಂದ ಹಸಿದ ಮೀನನ್ನು ಮೋಸಗೊಳಿಸುವುದರಲ್ಲಿ ಜಾಣತನವಿದೆ. ಮರಿ ಕಾಯುವ ಮೀನನ್ನು ಕೆಣಕಿ ಹಿಡಿಯುವುದಕ್ಕೆ ಜಾಣತನ ಬೇಕಿಲ್ಲ. ತರುಣನಿಗೂ ಇದನ್ನೇ ಹೇಳಿದೆ. ಆತ ವಾದಿಸಲಿಲ್ಲ, ಒಪ್ಪಿದೆನೆಂದೂ ಹೇಳಲಿಲ್ಲ.

ಬಾಳೆ ಮೀನಿಗಾಗಿ ತುಂಗಭದ್ರಾ ಹಿನ್ನೀರಿಗೇ ಹೋಗಬೇಕು. ಹಗರಿಬೊಮ್ಮನಹಳ್ಳಿ ದಾಟಿದರೆ 378 ಚದರ ಕಿಲೋಮೀಟರಿನ ಆ ನೀರಿನ ಅಂಚು ಸಿಗುತ್ತದೆ. ಬಾಯಿ ಕಣ್ಣಿನಾಚೆಗೂ ಸೀಳಿದ, ಮೀಸೆಯ, ಹುರುಪೆಯಿಲ್ಲದ ದೈತ್ಯ ಇದು. ಸಂಜೆ ಸಣ್ಣ ಮೀನುಗಳ ಹಿಂಡನ್ನು ದಡಕ್ಕೆ ಒತ್ತರಿಸಿ ಬರುವಾಗ ಆಳಕ್ಕಿಳಿಯುವ ಬೊಂಬೆಗೆ ಬೀಳುತ್ತದೆ. ಈಗ ಅಪರೂಪ. ಅಲಿವಿ ಎಂಬ ಸಣ್ಣ ಕಣ್ಣಿನ ದಡದ ಬಲೆ ಎಳೆದಲ್ಲೆಲ್ಲ ಮರಿ-ದೊಡ್ಡದೆಂಬ ಭೇದವಿಲ್ಲದೆ ಬಳಿದುಹೋಗುತ್ತದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬಾಳೆ ಅಪಾಯಕ್ಕೆ ತುತ್ತಾಗಬಲ್ಲ ಮೀನು. ಸಿಕ್ಕರೆ ತೂಗಿ ನೋಡಿ, ಬಿಟ್ಟುಬಿಡುವುದು ಒಳ್ಳೆಯದು.

ಗಾಳ ಬೇಡ, ಆಟ ನೋಡಿದರೆ ಸಾಕು ಎನ್ನುವವರು ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರಕ್ಕೆ ಹೋಗಬೇಕು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಈ ಹಳ್ಳಿಗೆರೆ ನೂರು ಹೆಕ್ಟೇರಿಗೂ ಒಂದಿಷ್ಟು ಕಡಿಮೆ. ಕರಿಜಾಲಿಗಳ ಮೇಲೆ ಹಕ್ಕಿಗಳ ಸಂತೆ. ನೀರಿನಲ್ಲಿ 41 ಬಗೆಯ ಮೀನುಗಳಿವೆಯೆಂದು ದಾಖಲೆ. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ತಡಕಾಡುತ್ತದೆ, ಹಾವಕ್ಕಿ ಮುಳುಗಿ ಇರಿಯುತ್ತದೆ. ನೀರುಕಾಗೆ ಹಿಂಡಿನಿಂದ ಬೇರ್ಪಟ್ಟದ್ದನ್ನು ಅಟ್ಟಿಸಿಕೊಂಡು ಹೋಗುವುದನ್ನು ಅಲ್ಲಿ ಕೂತು ನೋಡಿದರೆ ರಪಾಲ ದೋಣಿಯಿಂದ ಕಂಡದ್ದು ನಿಮಗೂ ಕಾಣುತ್ತದೆ. ಅಲ್ಲಿಗೆ ಕೋಲು, ರೀಲು ಒಯ್ಯುವ ಮಾತೇ ಬೇಡ.

ಉಳಿದ ಕೆರೆಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಹರಾಜು ಹಿಡಿದವರಿಗೋ ಸೇರಿರುತ್ತದೆ, ಕೇಳಿಯೇ ಗಾಳ ಬಿಚ್ಚಬೇಕು. ಕಾಟ್ಲಾ, ರೋಹು ಬಿಟ್ಟು ಕೊರಮೀನಿಗಷ್ಟೇ ಬಂದಿದ್ದೇವೆಂದರೆ ಬೇಡವೆನ್ನುವವರು ಕಡಿಮೆ. ಕೊಟ್ಟೂರಿನಿಂದ ಹೊಸಪೇಟೆ, ಕೂಡ್ಲಿಗಿ, ಹರಪನಹಳ್ಳಿಗೆ ಬಸ್ಸುಗಳಿವೆ. ಬಸ್ಸಿನಲ್ಲಿ ಹಿಡಿದ ಮೀನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಾಲಬಳಿ ಇಟ್ಟುಕೊಳ್ಳಿ. ಎರಡು ತಾಸಿನ ಮೇಲೂ ಕೊರಮೀನು ಬಾಲ ಬಡಿಯುತ್ತದೆ, ಕಂಡಕ್ಟರು ಬೆಚ್ಚಿಬೀಳುತ್ತಾರೆ.