ಗಣಕಯಂತ್ರದಲ್ಲಿ ಅರ್ಕಾವತ್ತು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನಾನು ಹಳಗನ್ನಡ ಕಾವ್ಯವನ್ನು ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆದರೆ ಈ ವರ್ಷ ನನ್ನ ಮನಸ್ಸನ್ನು ಹಿಡಿದಿರುವುದು ಬೇರೊಂದು ವಿಷಯ: ಪುಟವಿನ್ಯಾಸಕಾರರು ಬಳಸುವ ತಂತ್ರಾಂಶಗಳಲ್ಲಿ ನಮ್ಮ ಲಿಪಿಯು ಪಟ್ಟ ಪಾಡು.

ಇಪ್ಪತ್ತು ವರ್ಷಗಳ ಹಿಂದಿನ ಸಂಚಿಕೆಯಿಂದ ಒಂದು ಲೇಖನವನ್ನು ಪುನರ್ಮುದ್ರಿಸಬೇಕೆಂಬ ಸಂಕಲ್ಪವಾಗಿತ್ತು. ನಮ್ಮ ಸಂಸೆಯ ಚಹಾ ತೋಟದ ಮಳೆಗಾಲವನ್ನು ಕುರಿತು ಹಿರಿಯ ಉಪಾಧ್ಯಾಯರೊಬ್ಬರು ಬರೆದದ್ದು ಅದು. ಅವರು ಈಗ ಲಿಂಗೈಕ್ಯರು. ಹಸ್ತಪ್ರತಿ ಇಲ್ಲ, ಅಚ್ಚಾದ ಪ್ರತಿ ಗೆದ್ದಲಿನ ಪಾಲಾಯಿತು. ಉಳಿದದ್ದು ಒಂದು ಸಿ.ಡಿ. ಬೆಂಗಳೂರಿನಲ್ಲಿ ವಿನ್ಯಾಸಕಾರನಾಗಿರುವ ನನ್ನ ಶಿಷ್ಯನು ಅದನ್ನು ತೆರೆದಾಗ ಪರದೆಯ ಮೇಲೆ ಕಂಡದ್ದು ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಶೀರ್ಷಿಕೆಯೊಂದೇ ಓದಿಬಂತು. ಅದನ್ನು ಕೋರಲ್ ಡ್ರಾದಲ್ಲಿ ‘ಕರ್ವ್ಸ್’ ಮಾಡಿದ್ದರಂತೆ. ಎಂದರೆ ಅದು ಅಕ್ಷರವಾಗಿ ಉಳಿಯದೆ ರೇಖಾಚಿತ್ರವಾಗಿತ್ತು!

ಇದರ ಕಾರಣವನ್ನು ಶಿಷ್ಯನು ದೂರವಾಣಿಯಲ್ಲಿ ನನಗೆ ಪಾಠ ಹೇಳಿದನು. 1985ರಲ್ಲಿ ಹುಟ್ಟಿದ ಪೇಜ್‌ಮೇಕರ್ ತಂತ್ರಾಂಶಕ್ಕೆ ಕನ್ನಡದ ಗಂಧವಿರಲಿಲ್ಲ. ಆದುದರಿಂದ ರೋಮನ್ ಅಕ್ಷರಗಳ ಮನೆಗಳಲ್ಲಿ ತಲಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ತುಂಬಿ ಕನ್ನಡವನ್ನು ಕೂಡಿಸುತ್ತಿದ್ದರು. ಇದನ್ನು ಹಳಿಯಲಾರೆ. 1998ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದವು ಇಲ್ಲದಿದ್ದರೆ ಎಷ್ಟೋ ಅಚ್ಚುಕೂಟಗಳು ಬಾಗಿಲು ಹಾಕಬೇಕಾಗುತ್ತಿತ್ತು. ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಶ್ರೀ ಕೆ. ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರೆಂದು ತಿಳಿದಾಗ, ಛಂದಸ್ಸಿನ ವಿದ್ಯಾರ್ಥಿಯಾದ ನನಗಾದ ಹಿಗ್ಗು ಅಷ್ಟಿಷ್ಟಲ್ಲ.

ತೊಡಕು ಬೇರೆಡೆ ಇದೆ. ಶಬ್ದಮಣಿದರ್ಪಣದ ಅಕ್ಷರಪ್ರಕರಣವನ್ನು ಓದಿದವರಿಗೆ ಶ್ರಾವಣ, ಚಾಕ್ಷುಷವೆಂಬ ಭೇದವು ಪರಿಚಿತ. ಕಿವಿಗೆ ಕೇಳುವ ಅಕ್ಷರ ಒಂದು, ಕಣ್ಣಿಗೆ ಕಾಣುವುದು ಇನ್ನೊಂದು. ಹಳೆಯ ಫಾಂಟುಗಳು ಕಣ್ಣಿನ ಅಕ್ಷರವನ್ನು ಮಾತ್ರ ಕೂಡಿಟ್ಟವು. 1991ರಿಂದ ಕನ್ನಡಕ್ಕೂ ಸ್ಥಾನವಿತ್ತ ಯೂನಿಕೋಡ್ ಸಂಕೇತವು ಅಕ್ಷರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಇಡುತ್ತದೆ. ‘ಧರ್ಮ’ ಎನ್ನುವಾಗ ರಕಾರವು ಮಕಾರಕ್ಕಿಂತ ಮೊದಲು ಕೇಳುತ್ತದೆ. ಬರೆಯುವಾಗಲಾದರೋ ಅರ್ಕಾವತ್ತು ಮಕಾರದ ಬಳಿಕ ಬರುತ್ತದೆ. ಪರಿವರ್ತಿಸುವ ಯಂತ್ರಕ್ಕೆ ಈ ವಿವೇಕವಿಲ್ಲದಿದ್ದರೆ ‘ಧರ್ಮ’ವು ‘ಧಮರ್’ ಆಗುತ್ತದೆ, ‘ವರ್ಷ’ವು ‘ವಷರ್’ ಆಗುತ್ತದೆ. ನಮ್ಮ ಲೇಖನದಲ್ಲಿ ಆದದ್ದೂ ಅದೇ. ಎಲ್ಲವನ್ನೂ ಒಮ್ಮೆಗೇ ತಿದ್ದಲು ಶಿಷ್ಯನು ಆಜ್ಞೆಯಿತ್ತಾಗ, ತೋಟದ ಮ್ಯಾನೇಜರ್ ‘ಮ್ಯಾನೇರ್ಜ’ ಆದರು! ಕೊನೆಗೆ ಒಂದೊಂದು ಪದವನ್ನೂ ಕಣ್ಣಿಟ್ಟು ಓದುವುದೇ ಗತಿಯಾಯಿತು. ನಮ್ಮ ಊರಿನ ಮಳೆ, ವಿದ್ಯುತ್ತಿನ ಲೀಲೆ ಬಲ್ಲವರಿಗೆ ಮೂರು ರಾತ್ರಿ ಏಕೆ ಹಿಡಿಯಿತೆಂದು ಹೇಳಬೇಕಾಗಿಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. ಪೇಜ್‌ಮೇಕರ್‌ನ ಬೆಳವಣಿಗೆಯು 2004ರಲ್ಲಿ ನಿಂತಿತು. ಇನ್‌ಡಿಸೈನ್ ತಂತ್ರಾಂಶವು 2012ರ ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಅರಿತಿದೆ. ಅಲ್ಲಿಯೂ ‘ವರ್ಲ್ಡ್ ರೆಡಿ’ ಎಂಬ ಸಂಯೋಜಕವನ್ನು ಆರಿಸಬೇಕು. ಮರೆತರೆ ಒತ್ತಕ್ಷರಗಳು ಚದುರುತ್ತವೆ. ಕನ್ನಡ ಓದಲು ಬಾರದ ವಿನ್ಯಾಸಕಾರನಿಗೆ ಅದು ಕಾಣುವುದೂ ಇಲ್ಲ. ಕರಡು ತಿದ್ದುವ ಪಂಡಿತನ ಕೆಲಸಕ್ಕೆ ಸದ್ಯಕ್ಕೆ ಚ್ಯುತಿ ಇಲ್ಲವೆನ್ನಿ.

ಲೇಖನವು ಈ ಸಂಪುಟದಲ್ಲಿ ಅಚ್ಚಾಗಿದೆ. ಒಂದೇ ಒಂದು ಕಡೆ, ಮಳೆಯಲ್ಲಿ ದಾರಿ ತಪ್ಪಿದ ಲೇಖಕರಿಗೆ ಆಶ್ರಯವಿತ್ತ ಮನೆಯ ಹೆಸರಿನಲ್ಲಿ, ಒತ್ತೊಂದು ಕಳೆದುಹೋಗಿದೆ. ಆ ಫಾಂಟು ಮುಚ್ಚಿಹೋದ ಅಚ್ಚುಕೂಟದೊಂದಿಗೇ ಹೋಯಿತು. ಊಹಿಸಿ ತುಂಬಲು ನಾನು ಒಪ್ಪಲಿಲ್ಲ, ಚುಕ್ಕಿಗಳನ್ನು ಹಾಕಿಸಿದ್ದೇನೆ. ಕಳಸ, ಸಂಸೆಯ ಕಡೆ ಯಾರ ಮನೆಯಲ್ಲಾದರೂ ಹಳೆಯ ಸಂಚಿಕೆ ಉಳಿದಿದ್ದರೆ ಆ ಪುಟವನ್ನು ನನಗೊಮ್ಮೆ ತೋರಿಸಬೇಕಾಗಿ ವಿನಂತಿ.